ಕುಂಡದಲ್ಲಿ ನಮ್ಮೂರ ಹೂಬಳ್ಳಿ: ಬೀಜದಿಂದ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತಾರಸಿ, ಜಗಲಿ, ಅಂಗಳದ ಮೂಲೆಯಲ್ಲಿ ಕುಂಡ ಇಟ್ಟು ಬಳ್ಳಿ ಹಬ್ಬಿಸಬೇಕು ಅನ್ನುವವರಿಗೆ ಈ ಪುಟ. ಬೆಂಗಳೂರಿನ ತಾರಸಿಗೆ ಹೇಳುವ ಸಲಹೆ ಇಲ್ಲಿ ಅರ್ಧಂಬರ್ಧ ಮಾತ್ರ ನಡೆಯುತ್ತದೆ. ಕಾರಣ ಮಳೆ. ಸಕಲೇಶಪುರ, ಮೂಡಿಗೆರೆ ಕಡೆ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕುಂಡ ಒಣಗುವುದೇ ಇಲ್ಲ. ಅರಸೀಕೆರೆ, ಕಡೂರಿನಲ್ಲಿ ಅದೇ ತಿಂಗಳುಗಳಲ್ಲಿ ಕೊಡ ಹಿಡಿದು ಓಡಾಡಬೇಕು. ಹಾಗಾಗಿ ಉತ್ತರ ಓದುವಾಗ ನಿಮ್ಮ ಮನೆ ಮಲೆನಾಡಿನ ಕಡೆಯದೋ, ಬಯಲುಸೀಮೆ ಕಡೆಯದೋ ಅನ್ನುವುದು ನೆನಪಿರಲಿ.

ಇಲ್ಲಿನ ಬಳ್ಳಿ ಅಂದರೆ ಯಾವುವು? ಕಾಗದದ ಹೂ, ಅಲಮಂಡ ಎಲ್ಲ ನಮ್ಮವೇ ಅಲ್ವಾ?

ಅಲ್ಲ. ಕಾಗದದ ಹೂ, ಅಲಮಂಡ ಎರಡೂ ದಕ್ಷಿಣ ಅಮೆರಿಕದಿಂದ ಬಂದವು. ಗುಲಾಬಿ ಬಣ್ಣದ ಗೊಂಚಲು ಬಿಡುವ ಕೋರಲ್ ಬಳ್ಳಿ ಮೆಕ್ಸಿಕೋದ್ದು. ಸಣ್ಣ ಕೆಂಪು ಹೂವಿನ ಕಾಮಲತೆಯೂ ಅಮೆರಿಕದ್ದೇ. ಅವನ್ನು ಬೆಳೆಸಲೇಬಾರದು ಅಂತಲ್ಲ, ನಮ್ಮೂರ ಬಳ್ಳಿಯ ಲೆಕ್ಕಕ್ಕೆ ಹಿಡಿಯಬೇಡಿ ಅಷ್ಟೆ.

ನಮ್ಮ ಕಾಡಂಚು, ಬೇಲಿ, ಗುಡ್ಡಗಳಲ್ಲಿ ತಾನಾಗಿ ಹಬ್ಬುವವು ಬೇರೆಯೇ ಇವೆ. ಗೌರಿ ಹೂ, ಈಶ್ವರಿ ಬಳ್ಳಿ, ಮಾಧವಿ, ಕಾಡುಮಲ್ಲಿಗೆ, ಗುಲಗಂಜಿ, ಶತಾವರಿ. ಬಿಳಿ ಹೂವಿನ ಸಣ್ಣ ಬಳ್ಳಿ ತುಂಬರ್ಜಿಯಾ ಫ್ರಾಗ್ರನ್ಸ್ ಇದೆ. ಮಳೆ ಮುಗಿದ ಮೇಲೆ ಕೆನೆಬಣ್ಣದ ಹೂ ಬಿಟ್ಟು, ಆಮೇಲೆ ಬೇಲಿ ತುಂಬ ಬೆಳ್ಳಿ ಕೂದಲಿನ ಬೀಜ ಹೊರುವ ಕ್ಲೆಮಾಟಿಸ್ ಗೌರಿಯಾನ ಇದೆ. ಶಂಖಪುಷ್ಪದ ಮೂಲ ಎಲ್ಲಿಯದು ಅನ್ನುವುದರಲ್ಲಿ ಸಸ್ಯಶಾಸ್ತ್ರಜ್ಞರಿಗೆ ಒಮ್ಮತ ಇಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದಕ್ಕೆ ವೈಜ್ಞಾನಿಕ ಹೆಸರಿಟ್ಟದ್ದು ಇಂಡೋನೇಷ್ಯಾದ ಟರ್ನೇಟ್ ದ್ವೀಪದ ಹೆಸರಿನ ಮೇಲೆ. ಆದರೂ ನಮ್ಮ ಬೇಲಿಯಲ್ಲಿ, ದೇವರ ಪೂಜೆಯಲ್ಲಿ ಅದು ಎಷ್ಟೋ ಕಾಲದಿಂದ ಇದೆ. ನಾನಂತೂ ಅದನ್ನು ಹೊರಗಿಡುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪಟ್ಟಿಯಲ್ಲಿ ಎಲ್ಲವೂ ಕುಂಡಕ್ಕೆ ಒಗ್ಗುವುದಿಲ್ಲ.

ಮೊದಲ ಸಲ ಬೆಳೆಸುವವರು ಯಾವುದರಿಂದ ಶುರು ಮಾಡಬೇಕು?

ಶಂಖಪುಷ್ಪ. ಎರಡನೇ ಆಯ್ಕೆ ಬೇಡ. ಹತ್ತಿಂಚಿನ ಕುಂಡ ಸಾಕು, ಬಿತ್ತಿ ಎರಡು ತಿಂಗಳ ಆಸುಪಾಸಿಗೆ ಹೂ ಶುರು, ಬೀಜ ಪಕ್ಕದ ಮನೆಯಲ್ಲೇ ಸಿಗುತ್ತದೆ. ನೀಲಿ, ಬಿಳಿ, ಸುತ್ತು ಎಸಳಿನದು, ಎಲ್ಲವೂ ಬೀಜದಿಂದ ಬರುತ್ತವೆ. ಇದು ಕೈಗೆ ಹತ್ತಿದ ಮೇಲೆ ಈಶ್ವರಿ ಬಳ್ಳಿ, ಅದಾದ ಮೇಲೆ ಗೌರಿ ಹೂ. ಮೊದಲ ವರ್ಷವೇ ಗೌರಿ ಹೂವಿಗೆ ಕೈ ಹಾಕಿದವರು ಬರೀ ಕುಂಡ ನೋಡಿ ಬೇಜಾರಾಗಿ ಬಿಟ್ಟುಬಿಡುತ್ತಾರೆ.

ಶಂಖಪುಷ್ಪದ ಬೀಜ ಹಾಕಿ ಹದಿನೈದು ದಿನ ಆಯಿತು. ಮೊಳಕೆಯ ಸುಳಿವೇ ಇಲ್ಲ. ಬೀಜ ಸತ್ತಿದೆಯಾ?

ಸತ್ತಿರಲಾರದು. ಒಳಗೆ ನೀರು ಹೋಗಿಲ್ಲ. ಅವರೆ, ತೊಗರಿ ಜಾತಿಗೆ ಸೇರಿದ ಇಂಥ ಬಳ್ಳಿಗಳ ಬೀಜಕ್ಕೆ ಸಿಪ್ಪೆ ಗಟ್ಟಿ. ಅದು ತಾನಾಗಿ ಸವೆದು ನೀರು ಒಳಗಿಳಿಯಲು ತಿಂಗಳುಗಟ್ಟಲೆ ಬೇಕಾಗಬಹುದು.

ಬೀಜವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಅಂಚಿನಲ್ಲಿ ಸಣ್ಣ ಗುರುತು ಕಾಣುತ್ತದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಮೊಳಕೆ ಹೊರಡುವುದು ಅಲ್ಲಿಂದಲೇ, ಆ ಕಡೆ ಮುಟ್ಟಬೇಡಿ. ಅದರ ಎದುರಿನ ಅಂಚನ್ನು ಬಣ್ಣ ಹೊಡೆಯುವವರು ಬಳಸುವ ಪಾಲಿಶ್ ಪೇಪರ್ ಮೇಲೆ ನಾಲ್ಕೈದು ಸಲ ಉಜ್ಜಿ. ಕಂದು ಸಿಪ್ಪೆ ಹೋಗಿ ಒಳಗಿನ ಮಾಸಲು ಬಣ್ಣ ಚುಕ್ಕೆಯಷ್ಟು ಕಂಡರೆ ನಿಲ್ಲಿಸಿ. ನೈಲ್ ಕಟರ್‌ನಿಂದ ಚಿವುಟಿದರೂ ಆದೀತು, ಆದರೆ ಆಳಕ್ಕೆ ಹೋದರೆ ಬೇಳೆ ಒಡೆಯುತ್ತದೆ. ಆಮೇಲೆ ರಾತ್ರಿಯಿಡೀ ನೀರಲ್ಲಿ ಹಾಕಿಡಿ. ಬೆಳಗ್ಗೆ ಕೆಲವು ಉಬ್ಬಿ ದಪ್ಪ ಆಗಿರುತ್ತವೆ, ಕೆಲವು ಹಾಗೇ ಇರುತ್ತವೆ. ಉಬ್ಬಿದವನ್ನು ತಕ್ಷಣ ಬಿತ್ತಿ. ಉಬ್ಬದವನ್ನು ಒರೆಸಿ ಇನ್ನೊಮ್ಮೆ ಉಜ್ಜಿ ಮತ್ತೆ ನೆನೆಹಾಕಿ. ಉಬ್ಬಿದ ಬೀಜವನ್ನು ಎರಡು ದಿನ ನೀರಲ್ಲೇ ಬಿಟ್ಟರೆ ಕೊಳೆತು ವಾಸನೆ ಬರುತ್ತದೆ.

ಹೀಗೆ ಮಾಡಿದರೆ ಬೇಸಿಗೆಯ ಬಿಸಿಗೆ ವಾರದಲ್ಲೇ ಮೊಳಕೆ ಕಾಣುತ್ತದೆ. ಗುಲಗಂಜಿಗೂ ಇದೇ ಉಪಾಯ, ಉಜ್ಜುವುದು ಇನ್ನೂ ಜಾಸ್ತಿ ಬೇಕು. ಆದರೆ ಅದರ ಪುಡಿ ವಿಷ. ಮುಂದೆ ಅದರ ಬಗ್ಗೆ ಬರೆದಿದ್ದೇನೆ, ಅದನ್ನು ಓದದೆ ಗುಲಗಂಜಿ ಉಜ್ಜಬೇಡಿ.

ಬಿತ್ತುವುದಕ್ಕೆ ಸರಿಯಾದ ಕಾಲ ಯಾವುದು?

ಬೀಜದ ಪೊಟ್ಟಣದ ಮೇಲೆ 'ಮಳೆಗಾಲದಲ್ಲಿ ಬಿತ್ತಿ' ಅಂತ ಇರುತ್ತದೆ. ಅರಸೀಕೆರೆ, ಬೇಲೂರಿನ ಪೂರ್ವ ಭಾಗ, ಕಡೂರಿಗೆ ಅದು ಸರಿ. ಮಲೆನಾಡಿಗೆ ಅದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ.

ಮಲೆನಾಡಿನ ಕಡೆಯವರು ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ ಬಿತ್ತಬೇಕು. ಅಂದರೆ ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದೊಳಗೆ. ಆಗ ಮಣ್ಣು ಬೆಚ್ಚಗಿರುತ್ತದೆ, ಸಂಜೆ ಗುಡುಗಿನ ಮಳೆ, ಮರುದಿನ ಚುರುಕು ಬಿಸಿಲು. ಮೊಳಕೆ ಒಡೆಯಲು ಇದಕ್ಕಿಂತ ಹದ ಬೇರೆ ಇಲ್ಲ. ಜೂನ್ 8ರ ಸುಮಾರಿಗೆ ಮೃಗಶಿರ ಹಿಡಿಯುವಾಗ ಸಸಿಗೆ ನಾಲ್ಕೈದು ಎಲೆ ಬಂದು ಕಾಂಡ ಗಟ್ಟಿಯಾಗಿರಬೇಕು. ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಆ ಹೊಡೆತಕ್ಕೆ ಎರಡೆಲೆಯ ಸಸಿ ನಿಲ್ಲುವುದಿಲ್ಲ.

ಮೇ ತಿಂಗಳು ತಪ್ಪಿಹೋಯಿತಾ? ಜುಲೈ, ಆಗಸ್ಟ್‌ನಲ್ಲಿ ಬಿತ್ತಿ ಬೀಜ ಕಳೆದುಕೊಳ್ಳುವ ಬದಲು ಉತ್ತರೆ, ಹಸ್ತ ಮಳೆವರೆಗೆ ಕಾಯಿರಿ. ಸೆಪ್ಟೆಂಬರ್ ಕೊನೆಯಲ್ಲಿ ಬಿಸಿಲು ಮತ್ತೆ ಇಣುಕುತ್ತದೆ. ಆದರೆ ದೀಪಾವಳಿ ದಾಟಿಸಬೇಡಿ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರಿನಲ್ಲಿ ರಾತ್ರಿಯ ಚಳಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಬೀಜ ಮಣ್ಣಲ್ಲಿ ಸುಮ್ಮನೆ ಕೂತುಬಿಡುತ್ತದೆ.

ಬಯಲುಸೀಮೆಯವರಿಗೆ ಇಷ್ಟು ತಲೆಬಿಸಿ ಇಲ್ಲ. ಜೂನ್, ಜುಲೈ ಎರಡೂ ನಡೆಯುತ್ತದೆ.

ಮಣ್ಣು ಹೇಗಿರಬೇಕು?

ಕಾಫಿ ತೋಟದವರನ್ನು ಕೇಳಿ. ಕಾಫಿ ನರ್ಸರಿಯ ಬ್ಯಾಗಿಗೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಕಲಸುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಬಳ್ಳಿಗೂ ಅದೇ ಲೆಕ್ಕ ಹಿಡಿಯಿರಿ, ಮಲೆನಾಡಿನಲ್ಲಿ ಮರಳನ್ನು ಎರಡು ಪಾಲು ಮಾಡಿ. ಕಾಡುಮಣ್ಣು ಅಂದರೆ ಕಾಡಿಗೆ ಹೋಗಿ ಅಗೆಯಬೇಕಿಲ್ಲ. ತೋಟದ ನೆರಳುಮರದ ಬುಡದಲ್ಲಿ ಎಲೆ ಕೊಳೆತು ಕಪ್ಪಾದ ಮೇಲ್ಮಣ್ಣು ಅದೇ.

ಈಗ ಮರಳು ಎಲ್ಲಿ ಸಿಗುತ್ತದೆ, ಎಂ-ಸ್ಯಾಂಡ್ ಹಾಕಬಹುದಾ ಅಂತ ಕೇಳುತ್ತೀರಿ. ಜರಡಿ ಹಿಡಿದು, ಕೆಳಗೆ ಬೀಳುವ ಪುಡಿಯನ್ನು ಎಸೆದು, ಮೇಲೆ ಉಳಿದ ದಪ್ಪ ಕಾಳನ್ನು ತೊಳೆದು ಹಾಕಿ. ಪುಡಿ ಸಮೇತ ಹಾಕಿದರೆ ಒಂದು ಮಳೆಗೆ ಕುಂಡದ ಮಣ್ಣು ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ಅರಸೀಕೆರೆ ಕಡೆ ತೆಂಗಿನ ನಾರಿನ ಪುಡಿಗೆ ಬರ ಇಲ್ಲ. ಒಂದು ಪಾಲು ಸೇರಿಸಿದರೆ ತೇವ ಹಿಡಿಯುತ್ತದೆ. ಉಪ್ಪಿನಂಶ ಹೋಗುವ ಹಾಗೆ ಎರಡು ಮೂರು ನೀರಲ್ಲಿ ತೊಳೆದೇ ಬಳಸಿ. ಮಲೆನಾಡಿನವರಿಗೆ ಅದು ಬೇಡವೇ ಬೇಡ. ಹಸಿ ಕಾಫಿ ಸಿಪ್ಪೆಯನ್ನು ನೇರವಾಗಿ ಕುಂಡಕ್ಕೆ ತುಂಬುವುದೂ ಬೇಡ, ಕೊಳೆಯುವಾಗ ಬಿಸಿಯಾಗಿ ಬೇರು ಸುಡುತ್ತದೆ.

ಎಷ್ಟು ದೊಡ್ಡ ಕುಂಡ?

ಶಂಖಪುಷ್ಪಕ್ಕೆ ಹತ್ತಿಂಚು. ಈಶ್ವರಿ ಬಳ್ಳಿ, ಗೌರಿ ಹೂವಿಗೆ ಹನ್ನೆರಡು ಇಂಚು, ಆಳ ಮುಖ್ಯ. ಶತಾವರಿಯ ಗೆಡ್ಡೆ ಬೆಳೆಯುತ್ತಾ ಕುಂಡ ಒಡೆದೀತು, ಅದಕ್ಕೆ ಹಳೇ ಡ್ರಮ್ಮೇ ಸರಿ. ಮಲೆನಾಡಿಗೆ ಮಣ್ಣಿನ ಕುಂಡ, ಬಯಲಿಗೆ ಪ್ಲಾಸ್ಟಿಕ್ ಅಥವಾ ಗ್ರೋ ಬ್ಯಾಗ್. ಪೇಂಟ್ ಡಬ್ಬಕ್ಕೆ ತಳದಲ್ಲಿ ಮಾತ್ರ ಅಲ್ಲ, ತಳದಿಂದ ಒಂದಿಂಚು ಮೇಲೆ ಪಕ್ಕಕ್ಕೂ ನಾಲ್ಕು ತೂತು ಹೊಡೆಯಿರಿ. ತಾರಸಿಯ ಪಾಚಿ ಹಿಡಿದು ತಳದ ತೂತು ಮುಚ್ಚಿದರೂ ನೀರು ಹೋಗಲು ದಾರಿ ಇರುತ್ತದೆ.

ಗೌರಿ ಹೂವನ್ನು ಬೀಜದಿಂದ ಬೆಳೆಸಬಹುದಾ? ಎಲ್ಲರೂ ಗೆಡ್ಡೆ ನೆಡಿ ಅನ್ನುತ್ತಾರೆ.

ಬೆಳೆಸಬಹುದು. ತಾಳ್ಮೆ ಬೇಕು, ಅಷ್ಟೇ ಬೇಕಾದ್ದು.

ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಕೆಂಪು, ಹಳದಿ ಬಣ್ಣದಲ್ಲಿ ಎಸಳು ಮೇಲಕ್ಕೆ ಮಡಿಚಿಕೊಂಡು ನಿಲ್ಲುವ ಈ ಹೂ ಎಲ್ಲರಿಗೂ ಗೊತ್ತು. ಕೆಲವರು ಅಗ್ನಿಶಿಖೆ ಅನ್ನುತ್ತಾರೆ. ಪಕ್ಕದ ತಮಿಳುನಾಡಿಗೆ ಇದು ರಾಜ್ಯದ ಹೂ. ಮಳೆ ನಿಂತ ಮೇಲೆ ಕಾಯಿ ಒಣಗಿ ಮೂರು ಭಾಗವಾಗಿ ಬಿರಿಯುತ್ತದೆ, ಒಳಗೆ ಕಿತ್ತಳೆಗೆಂಪು ಬೀಜ. ಗ್ಲೌಸ್ ಹಾಕಿಕೊಂಡು ಬಿಡಿಸಿ, ಮೇಲಿನ ಕೆಂಪು ತಿರುಳನ್ನು ನೀರಲ್ಲಿ ಉಜ್ಜಿ ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಂಡು ಮೇ ತಿಂಗಳಲ್ಲಿ ಅರ್ಧ ಇಂಚು ಆಳಕ್ಕೆ ಬಿತ್ತಿ. ಮೊಳಕೆಗೆ ಮೂರು ವಾರವೂ ಆಗಬಹುದು, ಮೂರು ತಿಂಗಳೂ ಆಗಬಹುದು. ಕುಂಡಕ್ಕೆ ಹೆಸರು ಬರೆದ ಚೀಟಿ ಸಿಕ್ಕಿಸಿಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರೋ ಒಬ್ಬರು ಅದರಲ್ಲಿ ಕೊತ್ತಂಬರಿ ಬಿತ್ತುತ್ತಾರೆ.

ಮೊದಲ ವರ್ಷ ಬರುವುದು ಸಣ್ಣ ಕಡ್ಡಿ, ಒಂದಷ್ಟು ಎಲೆ. ಕಾರ್ತಿಕದ ಹೊತ್ತಿಗೆ ಎಲೆ ಹಳದಿಯಾಗಿ ಗಿಡ ಒಣಗುತ್ತದೆ. ಸತ್ತಿತು ಅಂತ ಬಹಳ ಜನ ಮಣ್ಣು ಸುರಿದುಬಿಡುವುದು ಇಲ್ಲೇ. ಒಳಗೆ ಬೆರಳ ತುದಿಯಷ್ಟು ಗೆಡ್ಡೆ ಮಲಗಿರುತ್ತದೆ. ನೀರು ನಿಲ್ಲಿಸಿ, ಕುಂಡವನ್ನು ಮಳೆ ಬೀಳದ ಕಡೆ ಎತ್ತಿಡಿ. ಮುಂದಿನ ಮೇಯಲ್ಲಿ ಮತ್ತೆ ಚಿಗುರುತ್ತದೆ. ಹೂವಿಗೆ ಸಾಮಾನ್ಯವಾಗಿ ಮೂರನೇ ಮಳೆಗಾಲ. ಗೆಡ್ಡೆ ಬಲಿತಂತೆ ಎರಡು ಕವಲಾಗಿ ಬೆಳೆಯುತ್ತದೆ, ಕವಲಿನ ತುದಿಯಲ್ಲಷ್ಟೇ ಚಿಗುರುವ ಕಣ್ಣು. ಕುಂಡ ಬದಲಿಸುವಾಗ ತುದಿ ಮುರಿದರೆ ಆ ಕವಲು ಚಿಗುರುವುದಿಲ್ಲ.

ಎಲೆಯ ಮೇಲೆ ಕಪ್ಪು ಮೈಗೆ ಕೆಂಪು, ಬಿಳಿ ಚುಕ್ಕೆಯ ಹುಳು ಕಂಡರೆ ಅದೇ ದಿನ ಆರಿಸಿ ತೆಗೆಯಿರಿ. ಈ ಗಿಡದ ವಿಷ ಅವಕ್ಕೆ ತಾಗುವುದಿಲ್ಲ, ರಾತ್ರಿ ಬೆಳಗಾಗುವುದರೊಳಗೆ ಬರೀ ಕಡ್ಡಿ ಉಳಿಸುತ್ತವೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನಾಯಿ ಇದೆ. ಇವುಗಳಲ್ಲಿ ಯಾವುದು ವಿಷ?

ಗೌರಿ ಹೂವಿನ ಗಿಡ ಇಡಿಯಾಗಿ ವಿಷ, ಗೆಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಅದರಲ್ಲಿರುವುದು ಕಾಲ್ಚಿಸಿನ್. ಗೆಣಸು ಅಂದುಕೊಂಡು ಗೆಡ್ಡೆ ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಗುಲಗಂಜಿಯಲ್ಲಿ ಅಬ್ರಿನ್ ಅನ್ನುವ ವಿಷ ಇದೆ. ಇಡೀ ಬೀಜ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಬರುವುದುಂಟು, ಅಗಿದರೆ ಮಾತ್ರ ಅಪಾಯ ತುಂಬ ದೊಡ್ಡದು. ಉಜ್ಜಿದ ಪುಡಿಯೂ ಅಷ್ಟೇ, ಕಣ್ಣಿಗೆ ಮೂಗಿಗೆ ಹೋಗಬಾರದು. ಮಕ್ಕಳಿರುವ ಮನೆಯಲ್ಲಿ ಈ ಎರಡು ಬೇಡ. ಶಂಖಪುಷ್ಪ, ಕಾಡುಮಲ್ಲಿಗೆ ಬೆಳೆಸಿ ಸಂತೋಷವಾಗಿರಿ.

ಈಶ್ವರಿ ಬಳ್ಳಿಯನ್ನು ಹಾವು ಕಡಿತಕ್ಕೆ, ಜ್ವರಕ್ಕೆ ಔಷಧ ಅಂತ ಹೇಳುವವರು ನಮ್ಮಲ್ಲಿ ಬಹಳ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಚಿಟ್ಟೆಗೆ ಬೆಳೆಸಿ, ಕಷಾಯಕ್ಕೆ ಬೇಡ. ಯಾರಾದರೂ ಇಂಥದ್ದು ತಿಂದರೆ ಮನೆಮದ್ದು ಮಾಡುತ್ತ ಕೂರದೆ ಗಿಡದ ಒಂದು ತುಂಡು ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಹೋಗಿ.

ಈಶ್ವರಿ ಬಳ್ಳಿ ಬೆಳೆಸಿದರೆ ದೊಡ್ಡ ಚಿಟ್ಟೆ ಬರುತ್ತದೆ ಅನ್ನುವುದು ನಿಜವಾ?

ನಿಜ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಅದರ ಮರಿಹುಳು ತಿನ್ನುವುದು ಈ ಬಳ್ಳಿಯ ಜಾತಿಯವನ್ನೇ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳೂ ಇದರ ಮೇಲೆ ಮೊಟ್ಟೆ ಇಡುತ್ತವೆ. ಪಟ್ಟಣದ ನಡುವೆ ಇರುವವರಿಗೆ ಈ ಎರಡು ಸಣ್ಣವು ಬರುವ ಸಾಧ್ಯತೆ ಜಾಸ್ತಿ. ಬರ್ಡ್‌ವಿಂಗ್ ಬೇಕೆಂದರೆ ಕಾಡು, ತೋಟ ಹತ್ತಿರ ಇರಬೇಕು.

ಹೂ ನೋಡಲು ದೊಡ್ಡದಲ್ಲ, ಬಾಗಿದ ಸಣ್ಣ ಕೊಳವೆ. ಚಂದ ಇರುವುದು ಕಾಯಿಯಲ್ಲಿ. ಒಣಗಿದಾಗ ತೊಟ್ಟಿನ ಕಡೆಯಿಂದ ಸೀಳಿಕೊಂಡು ಪುಟ್ಟ ತೂಗುಬುಟ್ಟಿಯಂತೆ ನೇತಾಡುತ್ತದೆ, ಒಳಗೆ ಚಪ್ಪಟೆ ಬೀಜಗಳು ಒಂದರ ಮೇಲೊಂದು ಪೇರಿಸಿ ಕೂತಿರುತ್ತವೆ. ಗಾಳಿ ಬೀಸುವ ಮೊದಲೇ ತೆಗೆದುಕೊಳ್ಳಿ. ಹೊಸ ಬೀಜ ಬೇಗ ಹುಟ್ಟುತ್ತದೆ, ಹಳೆಯದಕ್ಕೆ ಭರವಸೆ ಇಲ್ಲ. ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ತಿಂಗಳ ಮೇಲೆ ಹಿಡಿದರೂ ಗಾಬರಿ ಬೇಡ.

ಒಂದೇ ಕುಂಡ ಇಟ್ಟು ಚಿಟ್ಟೆ ಕರೆಯಬೇಡಿ. ಬರ್ಡ್‌ವಿಂಗ್‌ನ ಬಲಿತ ಮರಿಹುಳು ಎಲೆ ಖಾಲಿಯಾದ ಮೇಲೆ ಕಾಂಡವನ್ನೂ ಬಿಡುವುದಿಲ್ಲ. ನಾಲ್ಕೈದು ಕುಂಡ ಇದ್ದರೆ ಚೆನ್ನ. ನರ್ಸರಿಗಳಲ್ಲಿ ಸಿಗುವ, ಅಂಗೈ ಅಗಲದ ಚುಕ್ಕೆ ಹೂವಿನ ದಕ್ಷಿಣ ಅಮೆರಿಕದ ಅರಿಸ್ಟೊಲೋಕಿಯಾ ಈಶ್ವರಿ ಬಳ್ಳಿಯ ಕುಲದ್ದೇ ಆದರೂ ಇದರ ಬದಲಿಗೆ ಅದನ್ನು ತರಬೇಡಿ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಬರ್ಡ್‌ವಿಂಗ್ ಚಿಟ್ಟೆಗಳು ಅದರ ಮೇಲೆ ಮೊಟ್ಟೆ ಇಟ್ಟು ಮರಿಗಳು ಸತ್ತದ್ದು ದಾಖಲಾಗಿದೆ.

ಉದ್ದಕ್ಕೆ ಇಳಿಬಿಡುವ ಕೆಂಪು ಹಳದಿ ಹೂವಿನ ತುಂಬರ್ಜಿಯಾ ಮೈಸೂರೆನ್ಸಿಸ್ ಬೀಜ ಎಲ್ಲಿ ಸಿಗುತ್ತದೆ?

ಹುಡುಕಬೇಡಿ. ನಮ್ಮ ಪಶ್ಚಿಮಘಟ್ಟದ್ದೇ ಬಳ್ಳಿ, ಇಂಗ್ಲೆಂಡಿನ ಗಾಜಿನ ಮನೆಗಳವರೆಗೂ ಹೋಗಿದೆ. ಆದರೆ ತೋಟದಲ್ಲಿ ಬೆಳೆಸಿದಾಗ ಕಾಯಿ ಕಟ್ಟುವುದು ಅಪರೂಪ. ಎಲ್ಲರೂ ಕಡ್ಡಿಯಿಂದಲೇ ಮಾಡುತ್ತಾರೆ. ಮಳೆ ಶುರುವಿನಲ್ಲಿ ಬಲಿತ ಕಡ್ಡಿ ನೆಟ್ಟರೆ ಬೇರು ಬರುತ್ತದೆ. ಹೂ ಕೆಳಕ್ಕೆ ಇಳಿಬೀಳುವುದರಿಂದ ತಲೆಯಿಂದ ಮೇಲೆ ಚಪ್ಪರ ಬೇಕು, ಕುಂಡ ಹದಿನೆಂಟು ಇಂಚಿಗೆ ಕಡಿಮೆ ಬೇಡ. ಹೂವಿಗೆ ಸೂರಕ್ಕಿಗಳು ಸಾಲುಗಟ್ಟಿ ಬರುತ್ತವೆ.

ಮಾಧವಿ, ಕಾಡುಮಲ್ಲಿಗೆ ಕುಂಡದಲ್ಲಿ ಆಗುತ್ತವಾ?

ಕಾಡುಮಲ್ಲಿಗೆ ಆಗುತ್ತದೆ. ಕಪ್ಪಾದ ಹಣ್ಣನ್ನು ಹಿಸುಕಿ ತೊಳೆದು ಬೀಜವನ್ನು ಒಣಗಲು ಬಿಡದೆ ಬಿತ್ತಿ. ಹೂವಿಗೆ ವರ್ಷಗಳೇ ಬೇಕು. ಮಾಧವಿ ಬೇಡ. ಮೂರು ರೆಕ್ಕೆಯ ಅದರ ಬೀಜ ನೋಡಿದರೆ ಬಿತ್ತುವ ಆಸೆಯಾಗುವುದು ಸಹಜ, ಆದರೆ ಅದು ಮರದ ತುದಿ ಮುಟ್ಟುವ ಬಳ್ಳಿ. ಅಂಗಳ ಇದ್ದರೆ ನೆಲಕ್ಕೆ ಹಾಕಿ.

ಕಾಡಿನಿಂದ ಬೀಜ ತರಬಹುದಾ?

ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿಂದ ಏನನ್ನೂ ತರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಮೀಸಲು ಅರಣ್ಯಕ್ಕೂ ಅರಣ್ಯ ಕಾಯ್ದೆ ಇದೆ. ಅಲ್ಲಿಗೆ ಹೋಗುವ ಅಗತ್ಯವೂ ಇಲ್ಲ. ಈ ಬಳ್ಳಿಗಳೆಲ್ಲ ತೋಟದ ಬೇಲಿಯಲ್ಲಿ, ಊರ ರಸ್ತೆ ಪಕ್ಕ ಇರುತ್ತವೆ. ತೋಟದವರನ್ನು ಕೇಳಿ ತೆಗೆದುಕೊಳ್ಳಿ, ಬೇಲಿ ಸವರುವ ಮೊದಲೇ ಹೋಗಿ. ಇದ್ದ ಕಾಯಿಯಲ್ಲಿ ಒಂದೆರಡು ಸಾಕು. ಗೆಡ್ಡೆ ಮಾತ್ರ ಕೀಳಬೇಡಿ, ಕಿತ್ತರೆ ಆ ಬೇಲಿಯಲ್ಲಿ ಮುಂದಿನ ವರ್ಷ ಗೌರಿ ಹೂ ಇರುವುದಿಲ್ಲ.

ಮಳೆಗಾಲದಲ್ಲಿ ಸಸಿಗಳ ಬುಡ ಕೊಳೆತು ಮಗುಚಿ ಬೀಳುತ್ತವೆ. ಏನು ಹೊಡೆಯಬೇಕು?

ಹೊಡೆಯುವುದಕ್ಕಿಂತ ಮೊದಲು ಕುಂಡವನ್ನು ಜಾಗ ಬದಲಿಸಿ. ಸೂರಿನ ನೀರು ಬೀಳದ, ಗಾಳಿಯಾಡುವ ಜಗಲಿ ಅಂಚಿಗೆ ತಂದು ಇಟ್ಟಿಗೆ ಮೇಲೆ ಇಡಿ. ಸಸಿ ಒತ್ತಾಗಿದ್ದರೆ ಅರ್ಧ ಕಿತ್ತುಬಿಡಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬುಡದಲ್ಲಿ ಮಣ್ಣು ಕಾಣದ ಹಾಗೆ ದಪ್ಪ ಮರಳು ಹರಡಿದರೆ ಕಾಂಡದ ಕುತ್ತಿಗೆ ಒಣಗಿರುತ್ತದೆ. ಬಿತ್ತುವ ಮೊದಲೇ ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿಟ್ಟರೆ ಒಳ್ಳೆಯದು, ರೋಗ ಬಂದ ಮೇಲೆ ಅದರಿಂದ ಹೆಚ್ಚು ಉಪಯೋಗ ಇಲ್ಲ.

ಸಸಿ ಬುಡಸಮೇತ ಮಾಯವಾಗಿದ್ದರೆ ಅದು ಕೊಳೆ ಅಲ್ಲ, ಬಸವನಹುಳು. ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಕುಂಡದ ಅಡಿ ನೋಡಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಕುಂಡದ ಸುತ್ತ ಉಪ್ಪು ಚೆಲ್ಲುವವರಿದ್ದಾರೆ. ಮಳೆಗೆ ಅದು ಕರಗಿ ಮಣ್ಣಿಗಿಳಿದರೆ ಬಳ್ಳಿಯೂ ಹೋಗುತ್ತದೆ.

ನಮ್ಮದು ಕಡೂರು. ತಾರಸಿ ಕಾದು ಬೆಂಕಿ. ಇಲ್ಲಿ ಏನು ಮಾಡಬೇಕು?

ಒಂದು ಕುಂಡದೊಳಗೆ ಇನ್ನೊಂದು ಕುಂಡ ಇಟ್ಟು ನಡುವೆ ಒಣ ಎಲೆ ತುಂಬಿ. ಮಣ್ಣಿನ ಮೇಲೆ ತೆಂಗಿನ ಸಿಪ್ಪೆ ಕವುಚಿ ಹಾಕಿ. ನೀರು ಬೆಳಗ್ಗೆ ಬೇಗ. ಶಂಖಪುಷ್ಪ, ಗುಲಗಂಜಿ, ಶತಾವರಿ ಈ ಬಿಸಿಲು ತಡೆಯುತ್ತವೆ. ಹೂವಿನ ಲೆಕ್ಕದಲ್ಲಿ ನೋಡಿದರೆ ಶಂಖಪುಷ್ಪಕ್ಕೆ ನಿಮ್ಮೂರೇ ಮೇಲು, ಜುಲೈನಲ್ಲಿ ಮೂಡಿಗೆರೆಯವರಿಗೆ ಸಿಗದಷ್ಟು ಹೂ ನಿಮಗೆ ಸಿಗುತ್ತದೆ.

ಆಸರೆಗೆ ದಪ್ಪ ಕೋಲು ನೆಟ್ಟಿದ್ದೇನೆ. ಗೌರಿ ಹೂವಿನ ಬಳ್ಳಿ ಹತ್ತುತ್ತಲೇ ಇಲ್ಲ.

ಅದು ಎಲೆಯ ತುದಿಯಿಂದ ಹಿಡಿದು ಹತ್ತುವ ಬಳ್ಳಿ. ಎಲೆ ಕೊನೆಗೆ ಸೂಜಿಯಷ್ಟು ಸಣ್ಣಗಾಗಿ ಸುರುಳಿ ಸುತ್ತುತ್ತದೆ. ಅಷ್ಟು ಪುಟ್ಟ ಸುರುಳಿಗೆ ಬಿದಿರ ಗಳ ಹಿಡಿಯಲು ಬರುವುದಿಲ್ಲ. ಒಣಗಿದ ಕಾಫಿ ರೆಂಬೆ ಅಥವಾ ಪೊರಕೆ ಕಡ್ಡಿ ದಪ್ಪದ ಯಾವುದಾದರೂ ಕವಲು ಕೊಂಬೆ ಚುಚ್ಚಿ. ಶಂಖಪುಷ್ಪ, ಈಶ್ವರಿ ಬಳ್ಳಿ ಕಾಂಡದಿಂದಲೇ ಸುತ್ತುತ್ತವೆ, ಅವಕ್ಕೆ ಅಡಿಕೆ ದಬ್ಬೆ, ದಾರ ಏನಾದರೂ ಆದೀತು. ಆಸರೆಯನ್ನು ಬಿತ್ತುವಾಗಲೇ ನೆಡಿ. ಆಮೇಲೆ ಚುಚ್ಚಿದರೆ ಬೇರೋ ಗೆಡ್ಡೆಯೋ ಸೀಳುತ್ತದೆ.

ಎಲೆ ದಟ್ಟ ಹಸಿರು, ಹೂ ಮಾತ್ರ ಇಲ್ಲ. ಯಾಕೆ?

ಬಿಸಿಲು ಸಾಲದು, ಇಲ್ಲವೇ ಗೊಬ್ಬರ ಜಾಸ್ತಿ. ಶಂಖಪುಷ್ಪದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಅದಕ್ಕೆ ಯೂರಿಯಾ, ಗಂಜಲ ಸುರಿದರೆ ಬರೀ ಎಲೆ. ಮಲೆನಾಡಿನಲ್ಲಿ ಜುಲೈ, ಆಗಸ್ಟ್ ಮೋಡಕ್ಕೆ ಹೂ ಕಡಿಮೆಯಾಗುವುದು ಸಹಜ, ಏನೂ ಮಾಡಬೇಡಿ. ಸೆಪ್ಟೆಂಬರ್‌ನಲ್ಲಿ ತುದಿ ಚಿವುಟಿ ಒಂದು ಹಿಡಿ ಎರೆಗೊಬ್ಬರ ಕೊಡಿ, ಕವಲೊಡೆದು ಮತ್ತೆ ಹೂ ಬಿಡುತ್ತದೆ.

ಮುಂದಿನ ವರ್ಷಕ್ಕೆ ಬೀಜ ಹೇಗೆ ಇಟ್ಟುಕೊಳ್ಳುವುದು?

ಶಂಖಪುಷ್ಪದ ಕಾಯಿ ಪೂರ್ತಿ ಒಣಗಿದರೆ ಚಟ್ಟನೆ ಸಿಡಿದು ಬೀಜ ಎಲ್ಲೋ ಬೀಳುತ್ತದೆ. ಕಂದು ತಿರುಗಿದ ಕೂಡಲೇ ಕಿತ್ತು, ಬಟ್ಟೆ ಚೀಲಕ್ಕೆ ಹಾಕಿ ಒಳಗೇ ಸಿಡಿಯಲು ಬಿಡಿ. ಮಳೆಯಲ್ಲಿ ನೆನೆದ ಕಾಯಿಯ ಬೀಜ ಬೂಷ್ಟು ಹಿಡಿಯುತ್ತದೆ, ನವೆಂಬರ್ ನಂತರ ಬಲಿತ ಕಾಯಿಯನ್ನೇ ಬೀಜಕ್ಕೆ ಬಿಡಿ. ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ಹೆಸರು ತಿಂಗಳು ಬರೆದು, ತಳಕ್ಕೆ ಒಲೆಯ ಒಣ ಬೂದಿ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಇಡಿ. ಗಟ್ಟಿ ಸಿಪ್ಪೆಯ ಬೀಜ ಹೀಗೆ ಎರಡು ಮೂರು ವರ್ಷ ಕೆಡುವುದಿಲ್ಲ. ಈಶ್ವರಿ ಬಳ್ಳಿ, ಕಾಡುಮಲ್ಲಿಗೆ ಬೀಜವನ್ನು ಹೀಗೆ ಇಟ್ಟು ಪ್ರಯೋಜನ ಇಲ್ಲ, ಸಿಕ್ಕಿದಾಗಲೇ ಬಿತ್ತಿ ಸಸಿ ಮಾಡಿ. ಗುಲಗಂಜಿ, ಗೌರಿ ಹೂವಿನ ಬೀಜದ ಡಬ್ಬಿಯನ್ನು ಅಡುಗೆಮನೆಯ ಶೆಲ್ಫಿನಲ್ಲಿ ಮಾತ್ರ ಇಡಬೇಡಿ.